ಹಿಗ್ಗುವ ಹೃದಯ

ಕಮ್ಮಾರನ ಕುಲುಮೆಯ ಬಳಿ ನಿಂತು ತಿದಿಯೊತ್ತುವುದನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ತಿದಿಯನ್ನು ಅದುಮಿದೊಡನೆ ಗಾಳಿ ಭರ್ರನೆ ನುಗ್ಗಿ ಕೆಂಡವನ್ನು ಕೆರಳಿಸುತ್ತದೆ. ನೋಡುವವರ ಕಣ್ಣೆಲ್ಲ ಆ ಕೆಂಡದ ಮೇಲೆಯೇ. ಆದರೆ ಅದುಮುವುದಕ್ಕೆ ಮೊದಲು ತಿದಿಯು ಅಗಲವಾಗಿ ತೆರೆದುಕೊಂಡು ಗಾಳಿಯನ್ನು ತುಂಬಿಕೊಂಡಿರಬೇಕು. ತುಂಬದ ತಿದಿಯನ್ನು ಎಷ್ಟು ಬಲವಾಗಿ ಒತ್ತಿದರೇನು? ಬೂದಿಯೂ ಹಾರಲಾರದು. ತೊಗಲು ಒಣಗಿ ಬಿರುಸಾದ ತಿದಿಯ ಪಾಡು ಅದೇ. ಒತ್ತುವ ಕೈಯಲ್ಲಿ ಕಸುವಿದ್ದರೂ ತೊಗಲು ಹಿಗ್ಗಲು ಒಲ್ಲದು.

ನಾವು ಹುಟ್ಟುವುದಕ್ಕೆ ಮೊದಲೇ ಕೆಲಸಕ್ಕೆ ತೊಡಗಿ ಕೊನೆಯ ಉಸಿರಿನವರೆಗೂ ನಿಲ್ಲದೆ ದುಡಿಯುವ ನಮ್ಮ ಹೃದಯವೂ ಇಂಥದೊಂದು ತಿದಿಯೇ. ಅದು ತುಂಬಿಕೊಳ್ಳುವುದು ಗಾಳಿಯನ್ನಲ್ಲ, ರಕ್ತವನ್ನು. ಸಂತೋಷವಾದಾಗ ಹೃದಯ ಹಿಗ್ಗಿತೆಂದೂ ಭಯವಾದಾಗ ಎದೆ ಕುಗ್ಗಿತೆಂದೂ ನಮ್ಮ ನುಡಿ ಹೇಳುತ್ತದೆ. ಆ ಮಾತು ಮನಸ್ಸನ್ನು ಕುರಿತದ್ದು. ಆದರೂ ಶರೀರಶಾಸ್ತ್ರಜ್ಞನ ಪಾಲಿಗೆ ಕೂಡ ಹೃದಯದ ಬಾಳೆಲ್ಲ ಈ ಎರಡೇ ಕ್ರಿಯೆಗಳಲ್ಲಿ ಅಡಗಿದೆ. ಕುಗ್ಗುವುದು ಸಂಕೋಚನ, ಹಿಗ್ಗುವುದು ವಿಕಸನ. ಹೃದಯದ ಬಲವೆಂದೊಡನೆ ನಾವೆಲ್ಲ ಸಂಕೋಚನವನ್ನೇ ನೆನೆಯುತ್ತೇವೆ. ಇಲ್ಲಿ ನೋಡಬೇಕಾಗಿರುವುದು ವಿಕಸನವನ್ನು. ನಡುವಯಸ್ಸಿನಲ್ಲಿ ಅದು ಹೇಗೆ ಕುಂದುತ್ತದೆ, ವ್ಯಾಯಾಮದಿಂದ ಅದನ್ನು ಮರಳಿ ಪಡೆಯಬಹುದೇ ಎಂಬುದನ್ನು.

ಹೃದಯದ ಗಾತ್ರ ಹೆಚ್ಚುಕಡಿಮೆ ಅವರವರ ಮುಷ್ಟಿಯಷ್ಟು. ಅದರಲ್ಲಿ ನಾಲ್ಕು ಕೋಣೆಗಳಿವೆಯೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಇವುಗಳಲ್ಲಿ ಎಡ ಹೃತ್ಕುಕ್ಷಿಯ ಹೊಣೆ ದೊಡ್ಡದು. ಶ್ವಾಸಕೋಶಗಳಿಂದ ಬಂದ ಶುದ್ಧರಕ್ತವನ್ನು ತುಂಬಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ಕಳುಹಬೇಕಾದುದು ಅದು. ಸುಮ್ಮನೆ ಕುಳಿತಿರುವ ವಯಸ್ಕನಲ್ಲಿ ಅದು ಸುಮಾರು 120 ಮಿಲಿಲೀಟರ್ ರಕ್ತವನ್ನು ತುಂಬಿಕೊಂಡು, ಒಂದು ಬಡಿತಕ್ಕೆ 70 ಮಿಲಿಲೀಟರಿನಷ್ಟನ್ನು ಹೊರದೂಡುತ್ತದೆ. ನಿಮಿಷಕ್ಕೆ 75 ಬಡಿತವೆಂದು ಲೆಕ್ಕ ಹಿಡಿದರೆ ಒಂದು ಬಡಿತಕ್ಕೆ ದೊರೆಯುವ ಕಾಲ 0.8 ಸೆಕೆಂಡು. ಅದರಲ್ಲಿ ಸಂಕೋಚನಕ್ಕೆ 0.3, ವಿಕಸನಕ್ಕೆ 0.5. ಅಂದರೆ ದಿನದ 24 ಗಂಟೆಗಳಲ್ಲಿ ಹೃತ್ಕುಕ್ಷಿಯು ಬಿಗಿದುಕೊಂಡಿರುವುದು 9 ಗಂಟೆ, ಸಡಿಲಿ ತುಂಬಿಕೊಳ್ಳುವುದು 15 ಗಂಟೆ! ಎಡ ಹೃತ್ಕುಕ್ಷಿಯ ಸ್ನಾಯುವಿಗೆ ಬೇಕಾದ ರಕ್ತ ಹರಿಯುವುದೂ ಬಹುಮಟ್ಟಿಗೆ ಈ ಸಡಿಲಿಕೆಯ ಹೊತ್ತಿನಲ್ಲಿಯೇ.

ಹೃದಯದ ನಿಜವಾದ ಕೆಲಸ ಯಾವುದೆಂಬ ವಿಚಾರದಲ್ಲಿ ವಿದ್ವಾಂಸರ ಅಭಿಪ್ರಾಯ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿದೆ. ಯೂರೋಪಿನ ಹಳೆಯ ವೈದ್ಯರು ಹೃದಯ ಹಿಗ್ಗುವುದೇ ಅದರ ಮುಖ್ಯಕಾರ್ಯವೆಂದು ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ನಂಬಿಕೆಯನ್ನು ತಲೆಕೆಳಗು ಮಾಡಿದ. ಹೃದಯವು ಸ್ನಾಯುವಿನಂತೆ ಬಿಗಿದುಕೊಂಡು ರಕ್ತವನ್ನು ತಳ್ಳುತ್ತದೆ, ತಳ್ಳಲ್ಪಟ್ಟ ರಕ್ತ ದೇಹವನ್ನು ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ ಎಂದು ಆತ ತೋರಿಸಿದ. ಹಾರ್ವೆ ಹೇಳಿದ್ದು ಸತ್ಯ. ಆದರೆ ಮುಂದೆ ಬಹುಕಾಲದವರೆಗೆ ವಿಕಸನವನ್ನು ಬರಿಯ ಬಿಡುವೆಂದು ತಿಳಿಯುವ ರೂಢಿ ಬೆಳೆಯಿತು. ಕೆಲಸವೆಲ್ಲ ಬಿಗಿಯುವಾಗ, ಸಡಿಲಿದಾಗ ವಿಶ್ರಾಂತಿ ಎಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ವಾಸ್ತವವಾಗಿ ಸಡಿಲುವುದಕ್ಕೂ ಶಕ್ತಿ ವೆಚ್ಚವಾಗುತ್ತದೆ. ಬಿಗಿಯುವಾಗ ಸ್ನಾಯುಕೋಶದೊಳಗೆ ನುಗ್ಗಿದ ಕ್ಯಾಲ್ಸಿಯಂ ಕಣಗಳನ್ನು ಅವುಗಳ ಉಗ್ರಾಣಕ್ಕೆ ಮರಳಿ ಸಾಗಿಸಿದ ಹೊರತು ಸ್ನಾಯು ಸಡಿಲುವುದಿಲ್ಲ. ಆ ಸಾಗಣೆಗೆ ಕೋಶವು ತನ್ನ ಶಕ್ತಿಯನ್ನು ವ್ಯಯಿಸಲೇಬೇಕು.

ತುಂಬಿಕೊಳ್ಳುವುದಕ್ಕೂ ತಳ್ಳುವುದಕ್ಕೂ ಇರುವ ನಂಟನ್ನು ಸ್ಪಷ್ಟಪಡಿಸಿದವರು ಇಬ್ಬರು. ಜರ್ಮನಿಯ ಆಟೋ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿದ. ಮುಂದೆ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಆತನ ಸಂಗಡಿಗರು ನಾಯಿಯ ಹೃದಯದಲ್ಲಿ ಅದನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಹೃತ್ಕುಕ್ಷಿಯು ಹೆಚ್ಚು ತುಂಬಿಕೊಂಡಷ್ಟೂ ಅದರ ಸ್ನಾಯುತಂತುಗಳು ಹೆಚ್ಚು ಹಿಗ್ಗುತ್ತವೆ. ಹೆಚ್ಚು ಹಿಗ್ಗಿದ ತಂತುಗಳು ಒಂದು ಮಿತಿಯವರೆಗೆ ಹೆಚ್ಚು ಬಲದಿಂದ ಕುಗ್ಗುತ್ತವೆ. ಬಂದಷ್ಟನ್ನೂ ಕಳುಹಿಬಿಡುವ ಈ ಗುಣಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದು ಆ ಸ್ನಾಯುವಿನ ಸ್ವಭಾವ. ಆದರೆ ಹಿಗ್ಗಲಾರದ ಹೃದಯಕ್ಕೆ ಈ ನಿಯಮದ ಲಾಭ ದೊರೆಯದು.

ಈಗ ವ್ಯಾಯಾಮದ ಮಾತಿಗೆ ಬರೋಣ. ನೀವು ಮೈದಾನವನ್ನು ಎರಡು ಸುತ್ತು ಓಡಿ ಬಂದು ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ನೋಡಿರಿ. ಬಡಿತ 150ನ್ನು ಮುಟ್ಟಿದ್ದರೆ ಆಶ್ಚರ್ಯವಿಲ್ಲ. ಆಗ ಒಂದು ಬಡಿತಕ್ಕೆ ಸಿಗುವ ಕಾಲ 0.4 ಸೆಕೆಂಡು ಮಾತ್ರ. ಸಂಕೋಚನದ ಕಾಲವೂ ಕೊಂಚ ಕಿರಿದಾಗುವುದಾದರೂ ಹೆಚ್ಚಿನ ಕಡಿತವೆಲ್ಲ ಬೀಳುವುದು ವಿಕಸನದ ಪಾಲಿಗೆ. 0.5 ಸೆಕೆಂಡಿನಲ್ಲಿ ನಿಧಾನವಾಗಿ ತುಂಬುತ್ತಿದ್ದ ಕೋಣೆ 0.2 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ತುಂಬಬೇಕು. ಅಷ್ಟೇ ಅಲ್ಲ, ಮೊದಲಿಗಿಂತ ಹೆಚ್ಚು ತುಂಬಬೇಕು. ಏಕೆಂದರೆ ಓಡುವ ಕಾಲುಗಳಿಗೆ ಬೇಕಾದ ರಕ್ತ ಬಹಳ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 5 ಲೀಟರಿನಷ್ಟು ರಕ್ತವನ್ನು ಹರಿಸುವ ಹೃದಯ, ಸಾಮಾನ್ಯ ಆರೋಗ್ಯವಂತ ತರುಣನಲ್ಲಿ ಕಠಿಣ ವ್ಯಾಯಾಮದ ಹೊತ್ತಿಗೆ 20 ಲೀಟರಿನವರೆಗೆ ಹರಿಸುತ್ತದೆ. ಪಳಗಿದ ದೂರದೋಟಗಾರರಲ್ಲಿ ಇದು 30 ಲೀಟರನ್ನೂ ಮೀರುವುದುಂಟು.

ಇಷ್ಟು ಕಡಿಮೆ ಕಾಲದಲ್ಲಿ ಇಷ್ಟೊಂದು ರಕ್ತ ಒಳಬರುವುದು ಹೇಗೆ? ಇದರಲ್ಲಿ ಹೃದಯದ ಉಪಾಯ ಮೆಚ್ಚತಕ್ಕದ್ದು. ಸಂಕೋಚನದ ಹೊತ್ತಿನಲ್ಲಿ ಹೃತ್ಕುಕ್ಷಿಯು ಬರಿದೆ ಕಿರಿದಾಗುವುದಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಬಿಗಿ ತಪ್ಪಿದೊಡನೆ ಆ ತಿರುಚು ಸರ್ರನೆ ಬಿಚ್ಚಿಕೊಳ್ಳುತ್ತದೆ. ಸ್ನಾಯುತಂತುಗಳೊಳಗೆ ಟೈಟಿನ್ ಎಂಬ ಒಂದು ಪ್ರೋಟೀನು ಇದೆ. ಮನುಷ್ಯದೇಹದ ಪ್ರೋಟೀನುಗಳಲ್ಲೆಲ್ಲ ಇದೇ ದೊಡ್ಡದು. ಅದು ಸುರುಳಿಯಾದ ತಂತಿಯಂತೆ ಅದುಮಿಸಿಕೊಂಡು ಮತ್ತೆ ಚಿಮ್ಮುತ್ತದೆ. ಶಾಯಿ ತುಂಬುವ ಫಿಲ್ಲರಿನ ರಬ್ಬರನ್ನು ಅದುಮಿ ಬಿಟ್ಟಾಗ ಶಾಯಿ ತಾನಾಗಿ ಮೇಲೇರುವುದಷ್ಟೆ. ಹಾಗೆಯೇ ಹೃತ್ಕುಕ್ಷಿಯೂ ರಕ್ತವನ್ನು ಒಳಕ್ಕೆ ಹೀರುತ್ತದೆ. ಕೊನೆಗೆ ಹೃತ್ಕರ್ಣವು ತಾನೂ ಒಮ್ಮೆ ಕುಗ್ಗಿ ಉಳಿದುದನ್ನು ತಳ್ಳಿಕೊಡುತ್ತದೆ. ಕೆಳಗಿನಿಂದಲೂ ನೆರವುಂಟು. ನಡೆಯುವಾಗ ಮೀನಖಂಡಗಳು ಹೆಜ್ಜೆಹೆಜ್ಜೆಗೂ ಅಭಿಧಮನಿಗಳನ್ನು ಹಿಂಡಿ ಕಾಲಿನ ರಕ್ತವನ್ನು ಹೃದಯದ ಕಡೆಗೆ ಏರಿಸುತ್ತವೆ.

ಹೀಗೆ ಹಿಗ್ಗುವ ಗುಣ ಯೌವನದಲ್ಲಿ ಧಾರಾಳವಾಗಿರುತ್ತದೆ. ವಯಸ್ಸಾದಂತೆ ಅದು ಕುಂದುತ್ತ ಬರುತ್ತದೆ. 20ರಿಂದ 80ನೆಯ ವಯಸ್ಸಿನೊಳಗೆ ವಿಕಸನದ ಆರಂಭದಲ್ಲಿ ರಕ್ತ ನುಗ್ಗುವ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಮ್ಮಿನ ಸಾಗಣೆ ನಿಧಾನವಾಗುತ್ತದೆ. ತಂತುಗಳ ನಡುವಣ ನಾರಿನ ಹೆಣಿಗೆ ಗಡುಸಾಗುತ್ತದೆ. ಕೋಣೆಯ ಗೋಡೆ ಬಿರುಸಾದಾಗ ಅದೇ ಪ್ರಮಾಣದ ರಕ್ತವನ್ನು ಒಳತುಂಬಲು ಹೆಚ್ಚಿನ ಒತ್ತಡ ಬೇಕಾಗುತ್ತದೆ. ಆ ಒತ್ತಡ ಹಿಂದಕ್ಕೆ ಶ್ವಾಸಕೋಶಗಳವರೆಗೂ ಮುಟ್ಟುವುದರಿಂದ ಮನುಷ್ಯ ಏದುಸಿರು ಬಿಡುತ್ತಾನೆ. ಹೃದಯ ವೈಫಲ್ಯವೆಂಬ ವ್ಯಾಧಿಗೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಹೃದಯ ಚೆನ್ನಾಗಿಯೇ ಹಿಂಡುತ್ತಿರುತ್ತದೆ. ತುಂಬಿಕೊಳ್ಳುವುದರಲ್ಲಿಯೇ ಅದರ ತೊಡಕು. ಈ ಬಗೆಯ ವೈಫಲ್ಯಕ್ಕೆ ಔಷಧಗಳು ದೊರೆತದ್ದು ತೀರ ಈಚೆಗೆ; ಅವೂ ಪೂರ್ಣ ಗುಣ ನೀಡುವಂಥವಲ್ಲ. ಆದುದರಿಂದ ಹೃದಯ ಬಿರುಸಾಗದಂತೆ ಮೊದಲೇ ತಡೆಯಲಾದೀತೇ ಎಂಬುದು ಪಾಂಡಿತ್ಯದ ಪ್ರಶ್ನೆಯಲ್ಲ, ಸಂಸಾರವಂದಿಗರೆಲ್ಲರ ಪ್ರಶ್ನೆ.

ಈ ಕುಂದಿನಲ್ಲಿ ವಯಸ್ಸಿನ ಪಾಲೆಷ್ಟು, ಕುಳಿತು ಕಾಲ ಕಳೆಯುವುದರ ಪಾಲೆಷ್ಟು? ಎರಡೂ ಒಟ್ಟಿಗೆ ಬರುವುದರಿಂದ ಬಿಡಿಸಿ ಹೇಳುವುದು ಕಷ್ಟ. ಅಮೆರಿಕದ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ 1966ರಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ದಾರಿ ತೋರಿತು. ಆ ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಅಂಥ ವಿಶ್ರಾಂತಿಯಿಂದ ಆರೋಗ್ಯವಂತನಿಗೆ ಏನಾಗುತ್ತದೆಂದು ತಿಳಿಯಲು ವಿಜ್ಞಾನಿಗಳು 20 ವರ್ಷ ವಯಸ್ಸಿನ ಐವರು ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿ ಮಲಗಿಸಿದರು. ಗಟ್ಟಿಮುಟ್ಟಾದ ಹುಡುಗರು, ರೋಗವೆಂಬುದಿಲ್ಲ. ಮೂರು ವಾರಗಳ ಮೇಲೆ ಅಳೆದು ನೋಡಿದಾಗ ಅವರ ದೇಹ ನಿಮಿಷಕ್ಕೆ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲು ಭಾಗಕ್ಕೂ ಹೆಚ್ಚು ಇಳಿದಿತ್ತು. ಒಂದೊಂದು ಬಡಿತಕ್ಕೆ ಹೃದಯ ಹೊರದೂಡುತ್ತಿದ್ದ ರಕ್ತವೇ ಕಡಿಮೆಯಾದದ್ದು ಅದಕ್ಕೆ ಮುಖ್ಯ ಕಾರಣ. ಅನಂತರ ಎರಡು ತಿಂಗಳ ವ್ಯಾಯಾಮದಿಂದ ಅವರು ಚೇತರಿಸಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 30 ವರ್ಷಗಳ ತರುವಾಯ, 1996ರಲ್ಲಿ, ಅದೇ ಐವರನ್ನು ಮರಳಿ ಕರೆಸಲಾಯಿತು. ತರುಣರು ಈಗ ಐವತ್ತರ ಗೃಹಸ್ಥರು. ಸರಾಸರಿ 77 ಕಿಲೋಗ್ರಾಂ ಇದ್ದ ತೂಕ 100 ಕಿಲೋಗ್ರಾಮಿಗೆ ಏರಿತ್ತು. ಅವರ ಸಾಮರ್ಥ್ಯವೂ ಇಳಿದಿತ್ತು. ಆದರೆ ಇಳಿದದ್ದು ಎಷ್ಟು? 30 ವರ್ಷಗಳ ವಯಸ್ಸು ಮಾಡಿದ ಹಾನಿ, ಹಿಂದೆ ಮೂರು ವಾರಗಳ ಹಾಸಿಗೆ ಮಾಡಿದ್ದಕ್ಕಿಂತ ಕಡಿಮೆಯಾಗಿತ್ತು! ಅವರಿಗೆ ಆರು ತಿಂಗಳು ಕ್ರಮವಾಗಿ ನಡಿಗೆ, ಓಟ, ಸೈಕಲ್ ಸವಾರಿಗಳನ್ನು ಮಾಡಿಸಿದಾಗ ಇಪ್ಪತ್ತರ ಹರೆಯದಲ್ಲಿ ಹಾಸಿಗೆ ಹಿಡಿಯುವ ಮುನ್ನ ಇದ್ದ ಸಾಮರ್ಥ್ಯ ಮರಳಿ ಬಂದಿತು. ಐದೇ ಮಂದಿಯ ಮೇಲೆ ನಡೆದ ಪ್ರಯೋಗವಾದರೂ ಇದು ಜಗತ್ತಿನ ವೈದ್ಯರ ಗಮನವನ್ನು ಸೆಳೆಯಿತು. ಹೃದಯರೋಗಿಯನ್ನು ಬೇಗ ಎಬ್ಬಿಸಿ ನಡೆಸಬೇಕೆಂಬ ಇಂದಿನ ಪದ್ಧತಿಯ ಹಿಂದೆ 1966ರ ಆ ಹಾಸಿಗೆಗಳ ಪಾಠವೂ ಇದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವಸರದ ಓದುಗರು ಇದನ್ನು ದಾಟಿ ಹೋಗುತ್ತಾರೆ. ಆ ಐವರಿಗೆ ಸಾಮರ್ಥ್ಯ ಮರಳಿದ್ದು ಮುಖ್ಯವಾಗಿ ಅವರ ಸ್ನಾಯುಗಳು ರಕ್ತದಿಂದ ಆಮ್ಲಜನಕವನ್ನು ಹೆಚ್ಚಾಗಿ ಹೀರಿಕೊಳ್ಳಲು ಕಲಿತದ್ದರಿಂದ. ಹೃದಯ ಹರಿಸುವ ರಕ್ತದ ಗರಿಷ್ಠ ಪ್ರಮಾಣವೇನೂ ಹೆಚ್ಚಿರಲಿಲ್ಲ. ಹಾಗಾದರೆ ಬಿರುಸಾಗತೊಡಗಿದ ಹೃದಯವನ್ನೇ ಮೆದುಗೊಳಿಸಲು ಸಾಧ್ಯವೇ? ಈ ಪ್ರಶ್ನೆ ಹಾಗೆಯೇ ಉಳಿಯಿತು.

ಅದೇ ಡಲ್ಲಾಸ್ ನಗರದಲ್ಲಿ ಬೆಂಜಮಿನ್ ಲೆವೀನ್ ಎಂಬ ವೈದ್ಯರೂ ಅವರ ಸಂಗಡಿಗರೂ ಇದರ ಬೆನ್ನು ಹತ್ತಿದರು. ಜೀವನವಿಡೀ ಓಡುತ್ತ ಬಂದ ವೃದ್ಧರ ಹೃದಯವನ್ನು ಅವರು ಮೊದಲು ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಅಂಥವರ ಹೃದಯ ಹಿಗ್ಗುವ ಗುಣದಲ್ಲಿ ತರುಣರ ಹೃದಯಕ್ಕೆ ಸಮನಾಗಿರುವುದು ಕಂಡುಬಂದಿತು. ಸಂತೋಷದ ಸುದ್ದಿಯೇ ಸರಿ. ಆದರೆ ಮುಪ್ಪಿನವರೆಗೂ ಪಂದ್ಯಗಳಲ್ಲಿ ಓಡುವವರು ಲೋಕದಲ್ಲಿ ಎಷ್ಟು ಮಂದಿ? ಆದುದರಿಂದ 65 ದಾಟಿದ, ಎಂದೂ ವ್ಯಾಯಾಮ ಮಾಡದ ಜನರನ್ನು ಒಂದು ವರ್ಷ ಪಳಗಿಸಿ ನೋಡಿದರು. ಅವರ ದೇಹಬಲ ಹೆಚ್ಚಿತು, ಉಸಿರು ನಿಂತಿತು. ಹೃದಯದ ಬಿರುಸು ಮಾತ್ರ ಹೇಳಿಕೊಳ್ಳುವಷ್ಟು ಸಡಿಲಲಿಲ್ಲ. ಆ ವಯಸ್ಸಿಗೆ ಕಾಲ ಮೀರಿದಂತೆ ಕಂಡಿತು. ಹೃದಯ ಬಿರುಸಾಗತೊಡಗುವುದು 50ರ ಆಚೀಚೆ ಎಂದು ಬೇರೊಂದು ಪರೀಕ್ಷೆಯಿಂದ ತಿಳಿದಿದ್ದಿತು. ಹಾಗಿದ್ದಲ್ಲಿ ಹಿಡಿಯಬೇಕಾದ ಕಾಲ ನಡುವಯಸ್ಸೇ.

2018ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಪಾಲುಗೊಂಡವರು 45ರಿಂದ 64 ವರ್ಷದೊಳಗಿನ 61 ಮಂದಿ. ಎಲ್ಲರೂ ಆರೋಗ್ಯವಂತರು, ಆದರೆ ಕುಳಿತು ಕಾಲ ಕಳೆಯುವ ಅಭ್ಯಾಸದವರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪು ಎರಡು ವರ್ಷಗಳ ಕಾಲ ಹಂತಹಂತವಾಗಿ ಏರುವ ವ್ಯಾಯಾಮವನ್ನು ಮಾಡಿತು. ಇನ್ನೊಂದು ಗುಂಪು ಅಷ್ಟೇ ಕಾಲ ಯೋಗಾಸನ, ಮೈತೂಕ ಕಾಯುವ ಅಭ್ಯಾಸ ಮುಂತಾದುವನ್ನು ಮಾಡಿತು. ಹೃದಯದ ಬಿರುಸನ್ನು ಅಳೆದ ರೀತಿಯೂ ತಿಳಿಯತಕ್ಕದ್ದು. ರಕ್ತನಾಳದ ಮೂಲಕ ತೆಳುವಾದ ಕೊಳವೆಯೊಂದನ್ನು ಹೃದಯದವರೆಗೆ ತೂರಿಸಿ ಒಳಗಿನ ಒತ್ತಡವನ್ನು ಅಳೆಯುವುದು. ಶ್ರವಣಾತೀತ ಶಬ್ದದಿಂದ ಹೃತ್ಕುಕ್ಷಿಯ ಗಾತ್ರವನ್ನು ನೋಡುವುದು. ಉಪ್ಪುನೀರನ್ನು ರಕ್ತಕ್ಕೆ ಸೇರಿಸಿ ಹೃದಯ ಹೆಚ್ಚು ತುಂಬುವಂತೆ ಮಾಡುವುದು. ಆಮೇಲೆ ಸೊಂಟದ ಕೆಳಭಾಗವನ್ನು ಪೆಟ್ಟಿಗೆಯಲ್ಲಿರಿಸಿ, ಅದರ ಗಾಳಿಯನ್ನು ಹೀರಿ, ರಕ್ತ ಕಾಲುಗಳಲ್ಲಿಯೇ ತಂಗುವಂತೆ ಮಾಡಿ ಹೃದಯ ಕಡಿಮೆ ತುಂಬುವುದನ್ನು ನೋಡುವುದು. ಎಷ್ಟು ಒತ್ತಡಕ್ಕೆ ಎಷ್ಟು ಹಿಗ್ಗುತ್ತದೆಂಬ ಲೆಕ್ಕ ಹೀಗೆ ದೊರೆಯುತ್ತದೆ. ಇಷ್ಟೆಲ್ಲಕ್ಕೂ ಸ್ವಇಚ್ಛೆಯಿಂದ ಮೈಯೊಡ್ಡಿದ ಆ ಜನರ ತಾಳ್ಮೆ ದೊಡ್ಡದು.

ಎರಡು ವರ್ಷಗಳ ಕೊನೆಯಲ್ಲಿ 53 ಮಂದಿ ಉಳಿದಿದ್ದರು. ವ್ಯಾಯಾಮದ ಗುಂಪಿನವರಲ್ಲಿ ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಶೇಕಡ 18ರಷ್ಟು ಹೆಚ್ಚಿತ್ತು; ಹೃದಯದ ಬಿರುಸು ಸುಮಾರು ಕಾಲು ಭಾಗದಷ್ಟು ಇಳಿದಿತ್ತು. ಹೃತ್ಕುಕ್ಷಿಯು ಮೊದಲಿನಷ್ಟೇ ಒತ್ತಡಕ್ಕೆ ಮೊದಲಿಗಿಂತ ಹೆಚ್ಚು ರಕ್ತವನ್ನು ತುಂಬಿಕೊಳ್ಳುತ್ತಿತ್ತು. ಇನ್ನೊಂದು ಗುಂಪಿನವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಇದನ್ನು ಹಿಡಿದು ಯೋಗವು ನಿಷ್ಪ್ರಯೋಜಕವೆಂದು ಯಾರಾದರೂ ವಾದಿಸಿದರೆ ಅದು ಕುತರ್ಕ. ಕೀಲುಗಳ ಸಡಿಲಿಕೆಗೂ ಮನಸ್ಸಿನ ನೆಮ್ಮದಿಗೂ ಅದರಿಂದ ಲಾಭ ಪಡೆದವರು ನಮ್ಮಲ್ಲಿ ಸಾವಿರಾರು ಮಂದಿ. ಆದರೆ ಹೃದಯಕ್ಕೆ ರಕ್ತ ನುಗ್ಗಿ ನುಗ್ಗಿ ಬಂದು ಅದನ್ನು ಹಿಗ್ಗಿಸುವಂಥ ದುಡಿಮೆ ಬೇಕಾದಲ್ಲಿ, ಆಸನದೊಡನೆ ನಡಿಗೆ ಓಟಗಳೂ ಸೇರಬೇಕೆಂಬುದನ್ನು ಒಪ್ಪದೆ ವಿಧಿಯಿಲ್ಲ.

ಎಷ್ಟು ದಿನ ಮಾಡಬೇಕು? 25 ವರ್ಷಗಳಿಂದ ಬೇರೆಬೇರೆ ಪ್ರಮಾಣದಲ್ಲಿ ವ್ಯಾಯಾಮ ಮಾಡುತ್ತ ಬಂದ ಹಿರಿಯರನ್ನು ಹೋಲಿಸಿದ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಮೂರು ದಿನ ಮಾಡಿದವರ ಹೃದಯ, ಏನೂ ಮಾಡದವರ ಹೃದಯಕ್ಕಿಂತ ಹೆಚ್ಚು ಮೆದುವಾಗಿರಲಿಲ್ಲ. ನಾಲ್ಕೈದು ದಿನ ಮಾಡಿದವರಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಭಾನುವಾರ ಬೆಳಗ್ಗೆ ಮಾತ್ರ ಉದ್ಯಾನವನವನ್ನು ಸುತ್ತಿ, ಹಿಂದಿರುಗುವಾಗ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವ ಮಹನೀಯರು ಇದನ್ನು ಗಮನಿಸಬೇಕು. ಇತ್ತ, ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗಿ ದಿನವಿಡೀ ನೇಗಿಲು ಗುದ್ದಲಿಗಳೊಡನೆ ದುಡಿಯುವ ರೈತನಿಗೆ ಡಲ್ಲಾಸಿನ ಪಾಠ ಹೇಳಹೊರಡುವುದು ಅಧಿಕಪ್ರಸಂಗವಾದೀತು. ಆ ಪ್ರಯೋಗ ನಡೆದದ್ದು ಕುರ್ಚಿಯ ಮೇಲೆ ಬಾಳು ಸವೆಸುವವರಿಗಾಗಿ. ನಮ್ಮ ಊರುಗಳಲ್ಲಿಯೂ ಅಂಥವರ ಸಂಖ್ಯೆ ಬೆಳೆಯುತ್ತಿದೆ: ಗುಮಾಸ್ತರು, ಅಂಗಡಿಯವರು, ವಾಹನ ಚಾಲಕರು, ಉಪಾಧ್ಯಾಯರು. ಐವತ್ತಾಯಿತೆಂದರೆ ಇನ್ನು ಕೂತು ಉಣ್ಣುವ ಕಾಲವೆಂದು ಬಗೆಯುವುದು ನಮ್ಮಲ್ಲಿ ಹಳೆಯ ರೂಢಿ. ಮೇಲೆ ಹೇಳಿದ ಲೆಕ್ಕಗಳನ್ನು ನೋಡಿದರೆ ಹೃದಯದ ಮಟ್ಟಿಗೆ ಅದೇ ಏಳುವ ಕಾಲ.

ಈ ಪ್ರಯೋಗಗಳ ಎಲ್ಲೆಯನ್ನೂ ಮರೆಯಬಾರದು. ಅವರು ಆಯ್ದ ಆರೋಗ್ಯವಂತರು, ಕೆಲವೇ ಮಂದಿ. ಬಿರುಸು ಇಳಿದದ್ದು ಖಂಡಿತ. ಮೆದುವಾದ ಹೃದಯವುಳ್ಳವರಿಗೆ ಮುಂದೆ ವೈಫಲ್ಯ ಬಾರದೆಂದು ಸಿದ್ಧಪಡಿಸಲು ಇನ್ನೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಬೇಕಾಗುತ್ತದೆ. ಎದೆನೋವು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಉಳ್ಳವರು ವೈದ್ಯರನ್ನು ಕೇಳದೆ ಕಠಿಣ ವ್ಯಾಯಾಮಕ್ಕೆ ಇಳಿಯತಕ್ಕದ್ದಲ್ಲ.

ಆ ಗುಂಪಿನವರೂ ಮೊದಲ ದಿನವೇ ಓಡಲಿಲ್ಲ. ಮೊದಮೊದಲು ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಮಾತನಾಡಲು ಆಗುವ, ಹಾಡಲು ಆಗದ ಮಟ್ಟದ ನಡಿಗೆ. ತಿಂಗಳುಗಳು ಕಳೆದ ಮೇಲೆ ವಾರದಲ್ಲಿ ಒಂದೆರಡು ದಿನ ನಾಲ್ಕು ನಿಮಿಷ ಬಿರುಸಿನ ದುಡಿಮೆ, ಮೂರು ನಿಮಿಷ ಸಾವಕಾಶ, ಹೀಗೆ ನಾಲ್ಕು ಸಲ. ಒಂದು ದಿನ ಗಂಟೆಗೂ ಮೀರಿದ ನಡಿಗೆ ಅಥವಾ ಆಟ. ಪಳಗಿದ ಹೃದಯ ಬಡಿತಕ್ಕೆ ಹೆಚ್ಚು ರಕ್ತವನ್ನು ತುಂಬಿಕೊಳ್ಳುವುದರಿಂದ ವಿಶ್ರಾಂತಿಯಲ್ಲಿ ನಿಧಾನವಾಗಿ ಬಡಿಯುತ್ತದೆ. ಬಡಿತ ನಿಧಾನವಾದಾಗ ತುಂಬಿಕೊಳ್ಳಲು ಇನ್ನಷ್ಟು ಕಾಲ ದೊರೆಯುತ್ತದೆ. ನಿಮಿಷಕ್ಕೆ 10 ಬಡಿತ ಕಡಿಮೆಯಾದರೂ ದಿನಕ್ಕೆ 14,400 ಬಡಿತಗಳ ಉಳಿತಾಯ. ಮನೆಯಲ್ಲಿ ತಂದೆಯೋ ತಾಯಿಯೋ ನಡಿಗೆಯನ್ನು ಆರಂಭಿಸಿದರೆ, ಬೆಳಗ್ಗೆ ಅವರು ಹಾಸಿಗೆಯಿಂದ ಏಳುವ ಮುನ್ನ ಮಣಿಕಟ್ಟನ್ನು ಹಿಡಿದು ನಾಡಿಯನ್ನು ಎಣಿಸಿ ನಿಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖಿನೊಡನೆ ಬರೆದಿಡಬಹುದು. ಮೂರು ತಿಂಗಳಾದ ಮೇಲೆ ಆ ಹಾಳೆಯನ್ನು ಅವರಿಗೇ ಓದಿ ಹೇಳಿರಿ.